ಬಿಲ್ಡ್ ವೇಗದ ಲೇಖನ: ಈ ರೂಪದಲ್ಲಿ ಪ್ರಕಟಿಸಲಾಗದು

ನಮಸ್ಕಾರ,

ಟೈಪ್‌ಸ್ಕ್ರಿಪ್ಟ್ ಕೋಡನ್ನು ಜಾವಾಸ್ಕ್ರಿಪ್ಟ್‌ಗೆ ಇಳಿಸಲು ಅದರದೇ ಕಂಪೈಲರ್ ಟಿಎಸ್‌ಸಿ ನಿಧಾನ, ಇಎಸ್‌ಬಿಲ್ಡ್ ಎಂಬ ಬೇರೆ ಉಪಕರಣ ಚುರುಕು, ಹಾಗಾಗಿ ಮೊದಲನೆಯದನ್ನು ಕೈಬಿಡಿ ಎನ್ನುವ ನಿಮ್ಮ ಲೇಖನ ಓದಿದೆವು. ಬರವಣಿಗೆ ಸರಾಗವಾಗಿದೆ, ವಾದ ನಿಲ್ಲುವುದಿಲ್ಲ. ಇಎಸ್‌ಬಿಲ್ಡ್ ಟೈಪ್‌ಗಳನ್ನು (ಯಾವ ಮೌಲ್ಯ ಯಾವ ಬಗೆಯದು ಎಂಬ ಗುರುತುಗಳನ್ನು) ಪರೀಕ್ಷಿಸುವುದೇ ಇಲ್ಲ, ಕಿತ್ತುಹಾಕುತ್ತದೆ ಅಷ್ಟೆ. ನಂಬರ್ ಇರಬೇಕಾದಲ್ಲಿ ಸ್ಟ್ರಿಂಗ್ ಕೊಟ್ಟರೂ ತುಟಿ ಪಿಟಕ್ಕೆನ್ನದೆ ಫೈಲ್ ಬರೆದುಕೊಡುತ್ತದೆ. ಅದು ಗೋ ಭಾಷೆಯಲ್ಲಿದೆ, ಎಲ್ಲ ಕೋರ್‌ಗಳನ್ನೂ ದುಡಿಸಿಕೊಳ್ಳುತ್ತದೆ ಎಂದು ನೀವು ಕೊಟ್ಟ ಕಾರಣಗಳು ನಿಜವೇ. ಆದರೆ ದೊಡ್ಡ ಕಾರಣ ಟೈಪ್ ಪರೀಕ್ಷೆ ಇಲ್ಲದಿರುವುದು, ಅದನ್ನೇ ಬಿಟ್ಟಿದ್ದೀರಿ.

ಟಿಎಸ್‌ಸಿಯನ್ನು ಎಕ್ಸ್‌ಟೆಂಡೆಡ್ ಡಯಾಗ್ನಾಸ್ಟಿಕ್ಸ್ ಆಯ್ಕೆಯೊಂದಿಗೆ ಓಡಿಸಿ. ಪಾರ್ಸ್ (ಕೋಡ್ ಓದುವುದು), ಬೈಂಡ್ (ಹೆಸರುಗಳನ್ನು ಜೋಡಿಸುವುದು), ಚೆಕ್ (ಟೈಪ್ ಪರೀಕ್ಷೆ), ಎಮಿಟ್ (ಫೈಲ್ ಬರೆಯುವುದು) ಸಮಯಗಳು ಬಿಡಿಬಿಡಿಯಾಗಿ ಸಿಗುತ್ತವೆ. ಸಾಮಾನ್ಯವಾಗಿ ಚೆಕ್ ಪಾಲೇ ದೊಡ್ಡದು. ನ್ಯಾಯವಾದ ಹೋಲಿಕೆ ಬೇಕಿದ್ದರೆ ಇಎಸ್‌ಬಿಲ್ಡ್ ಸಮಯಕ್ಕೆ ನೋಎಮಿಟ್ (ಫೈಲ್ ಬರೆಯದೆ ಪರೀಕ್ಷೆ ಮಾತ್ರ) ಹಾಕಿದ ಟಿಎಸ್‌ಸಿ ಸಮಯವನ್ನೂ ಸೇರಿಸಿ. ಹಿಂದಿನ ಓಟದ ಮಾಹಿತಿ ಉಳಿಸಿಕೊಳ್ಳುವ ಇನ್‌ಕ್ರಿಮೆಂಟಲ್ ಆಯ್ಕೆ ಆನ್ ಇತ್ತೇ? ಇದ್ದರೆ ಎರಡನೇ ಓಟ ಟಿಎಸ್‌ಬಿಲ್ಡ್‌ಇನ್ಫೋ ಫೈಲ್ ನೋಡಿ ಬಹಳಷ್ಟು ಕೆಲಸ ಉಳಿಸುತ್ತದೆ. ಆ ಫೈಲ್ ಅಳಿಸಿ ಅಳೆದದ್ದು ಬೇರೆ, ಇಟ್ಟುಕೊಂಡು ಅಳೆದದ್ದು ಬೇರೆ. ನಿಮ್ಮ ಕೋಷ್ಟಕ ಇದರ ಬಗ್ಗೆ ಮೌನ.

ಟಾರ್ಗೆಟ್ (ಯಾವ ಜಾವಾಸ್ಕ್ರಿಪ್ಟ್ ಆವೃತ್ತಿಗೆ ಇಳಿಸಬೇಕೆಂಬ ಆಯ್ಕೆ) ಕುರಿತ ಭಾಗ ಇನ್ನೂ ದುರ್ಬಲ. ಇಎಸ್ 5 (ಜಾವಾಸ್ಕ್ರಿಪ್ಟ್‌ನ ಹಳೆಯ ಆವೃತ್ತಿ) ಎಂದು ಹಾಕಿದರೆ ಹಳೆಯ ಬ್ರೌಸರ್‌ಗಳೆಲ್ಲ ಓಡಿಸುತ್ತವೆ ಎಂದಿದ್ದೀರಿ. ಟಾರ್ಗೆಟ್ ಬದಲಿಸುವುದು ಸಿಂಟ್ಯಾಕ್ಸನ್ನು ಮಾತ್ರ. ಪ್ರಾಮಿಸ್, ಅರೇಯ ಇನ್‌ಕ್ಲೂಡ್ಸ್ ಇಲ್ಲದ ಬ್ರೌಸರ್‌ಗೆ ಪಾಲಿಫಿಲ್ (ಆ ಕೊರತೆ ತುಂಬುವ ಕೋಡ್) ನೀವೇ ಕೊಡಬೇಕು. ಲಿಬ್ ಆಯ್ಕೆಯಲ್ಲಿ ಅವುಗಳ ಹೆಸರು ಸೇರಿಸಿದರೆ ಕಂಪೈಲರ್ ಸುಮ್ಮನಾಗುತ್ತದೆ, ಬ್ರೌಸರ್ ಎಡವುತ್ತದೆ. ಅಸಿಂಕ್ ಫಂಕ್ಷನ್ (ನಡುವೆ ಕಾದು ಮುಂದುವರಿಯುವ ಫಂಕ್ಷನ್) ಒಂದನ್ನೇ ತೆಗೆದುಕೊಂಡು ತೋರಿಸಿದ್ದರೆ ಓದುಗರಿಗೆ ಉಪಯೋಗವಾಗುತ್ತಿತ್ತು: ಇಎಸ್ 2017ಕ್ಕೆ ಅದು ಇದ್ದ ಹಾಗೇ ಹೊರಬರುತ್ತದೆ, ಇಎಸ್ 2015ಕ್ಕೆ ಜನರೇಟರ್ (ನಿಂತು ಮತ್ತೆ ಮುಂದುವರಿಯಬಲ್ಲ ಫಂಕ್ಷನ್) ಆಗುತ್ತದೆ, ಇಎಸ್ 5ಕ್ಕೆ ಸ್ವಿಚ್-ಕೇಸ್‌ಗಳ ಸ್ಟೇಟ್ ಮಷೀನ್ ಆಗಿ ಊದಿಕೊಳ್ಳುತ್ತದೆ. ಇಂಪೋರ್ಟ್‌ಹೆಲ್ಪರ್ಸ್ ಆಯ್ಕೆ ಹಾಕದಿದ್ದರೆ ಇದಕ್ಕೆ ಬೇಕಾಗುವ ಹೆಲ್ಪರ್ (ಸಹಾಯಕ) ಕೋಡ್ ಬೇಕಾದ ಪ್ರತಿ ಫೈಲಿನಲ್ಲೂ ಮರುಕಳಿಸುತ್ತದೆ. ಹಾಕಿದರೆ ಟಿಎಸ್‌ಲಿಬ್ ಪ್ಯಾಕೇಜಿನಿಂದ ಬರುತ್ತದೆ.

ಎರಡೂ ಉಪಕರಣಗಳನ್ನು ಇಎಸ್ 5ಕ್ಕೆ ಇಳಿಸಿ ಅಳೆದೆ ಎಂಬ ಸಾಲು ನಮಗೆ ಒಪ್ಪಿಗೆಯಾಗಲಿಲ್ಲ. ನೀವು ಕಳಿಸಿದ ಮಾದರಿ ಕೋಡಿನಲ್ಲಿ ಇಎಸ್ 5ರ ನಂತರ ಬಂದ ಕಾನ್ಸ್ಟ್, ಕ್ಲಾಸ್ ಎರಡೂ ಇವೆ. ಅವನ್ನು ಇಎಸ್ 5ಕ್ಕೆ ಇಳಿಸಲು ಬಾರದೆಂದು ಇಎಸ್‌ಬಿಲ್ಡ್ ಎರರ್ ಕೊಟ್ಟು ನಿಲ್ಲುತ್ತದೆ. ಆ ಅಂಕಿ ಎಲ್ಲಿಂದ ಬಂತು?

ಸ್ಕಾಲಾ.ಜೆಎಸ್ (ಸ್ಕಾಲಾ ಭಾಷೆಯನ್ನು ಜಾವಾಸ್ಕ್ರಿಪ್ಟ್‌ಗೆ ಇಳಿಸುವ ಕಂಪೈಲರ್) ಕುರಿತ ಪ್ಯಾರಾ ತೆಗೆದುಬಿಡಿ. ಅಲ್ಲಿ ಬಿಡುಗಡೆಗಾಗಿ ಕೋಡನ್ನು ಪೂರ್ತಿ ಹದಗೊಳಿಸುವ ಫುಲ್‌ಲಿಂಕ್‌ಜೆಎಸ್‌ನ ಸಮಯವನ್ನು, ಅಭಿವೃದ್ಧಿಯ ವೇಳೆ ಫೈಲ್ ಬದಲಾದಾಗಲೆಲ್ಲ ಓಡುವ ಟಿಎಸ್‌ಸಿಯ ವಾಚ್ ಮೋಡ್ ಜೊತೆ ಇಟ್ಟಿದ್ದೀರಿ. ಅಭಿವೃದ್ಧಿ ಹಂತಕ್ಕೆ ಇರುವುದು ಫಾಸ್ಟ್‌ಲಿಂಕ್‌ಜೆಎಸ್.

ಪರಿಷ್ಕರಿಸಿ ಕಳಿಸುವಾಗ ಆಯ್ಕೆಗಳನ್ನು ಬರೆದಿರುವ ಟಿಎಸ್‌ಕಾನ್ಫಿಗ್ ಫೈಲ್, ಬಳಸಿದ ಆವೃತ್ತಿಗಳು, ಓಡಿಸಿದ ಆದೇಶಗಳನ್ನು ಜೊತೆಗಿಡಿ.