ಕೇಸಿಗೆ ಹೆಸರು ಕೊಟ್ಟವರಿಗೆ ಏನು ಸಿಕ್ಕಿತು?

ಪ್ರಿಯ ಮಿತ್ರರೇ,

ನಮಸ್ಕಾರ. ನೀವು ಕಳಿಸಿದ 'ಪ್ರಜಾಪ್ರಭುತ್ವ ಕಾಯ್ದ ತೀರ್ಪುಗಳು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಕಾನೂನು ಓದುತ್ತಿರುವವರು ಕನ್ನಡದಲ್ಲಿ ಬರೆಯಲು ಕೂರುವುದೇ ಅಪರೂಪ. ಅದರಲ್ಲೂ ಸರ್ಕಾರ, ಸಂಸತ್ತು ಮಾಡಿದ್ದನ್ನು ನ್ಯಾಯಾಲಯ ಪ್ರಶ್ನಿಸಬಹುದೇ, ಎಷ್ಟರಮಟ್ಟಿಗೆ ಪ್ರಶ್ನಿಸಬಹುದು ಎಂಬಂಥ ವಿಷಯವನ್ನು ಕೈಗೆತ್ತಿಕೊಂಡಿದ್ದೀರಿ. ಆದ್ದರಿಂದ ಎಲ್ಲಿ ಎಡವಿದ್ದೀರಿ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ನೀವು ಶುರು ಮಾಡುವುದು ಅಮೆರಿಕದಿಂದ. 1803ರ ಮಾರ್ಬರಿ ಪ್ರಕರಣ, ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಒಂದು ಇಡೀ ಪುಟ. ಆ ದೇಶದ ಸಂವಿಧಾನದಲ್ಲಿ ಶಾಸನವನ್ನು ರದ್ದು ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು ನೇರವಾಗಿ ಬರೆದಿರಲಿಲ್ಲ, ಮಾರ್ಷಲ್ ಅದನ್ನು ತರ್ಕದಿಂದ ಕಟ್ಟಬೇಕಾಯಿತು. ನಮ್ಮ ಸಂವಿಧಾನದಲ್ಲಿ 13ನೇ ವಿಧಿಯೇ ಇದೆ: ಮೂಲಭೂತ ಹಕ್ಕನ್ನು ಕಸಿಯುವ ಕಾನೂನು ಅಷ್ಟರಮಟ್ಟಿಗೆ ಅಸಿಂಧು. ಸುಪ್ರೀಂ ಕೋರ್ಟು, ಹೈಕೋರ್ಟುಗಳ ಬಾಗಿಲು ತಟ್ಟಲು 32 ಮತ್ತು 226ನೇ ವಿಧಿಗಳಿವೆ. ಹೀಗಿರುವಾಗ 'ಭಾರತ ಈ ಅಧಿಕಾರವನ್ನು ಅಮೆರಿಕದಿಂದ ಕಡ ತಂದಿತು' ಎಂಬ ನಿಮ್ಮ ಸಾಲು ಅರ್ಧ ಮಾತ್ರ ಸರಿ. ಇನ್ನು ಆ ಪುಟದಲ್ಲಿ ನನಗೆ ಬೇಕಾಗಿದ್ದ ಒಂದೇ ಸಂಗತಿಯನ್ನು ಬಿಟ್ಟುಬಿಟ್ಟಿದ್ದೀರಿ. ವಿಲಿಯಂ ಮಾರ್ಬರಿ ಕೋರ್ಟಿಗೆ ಹೋದದ್ದು ತನಗೆ ಬರಬೇಕಾದ ನೇಮಕಪತ್ರಕ್ಕಾಗಿ. ಅದು ಅವನಿಗೆ ಸಿಗಲೇ ಇಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಬಗ್ಗೆ ನೀವು ಬರೆದದ್ದು: 'ಕಾಸರಗೋಡು ಜಿಲ್ಲೆಯ ಸ್ವಾಮೀಜಿ ತಮ್ಮ ಮಠದ ಭೂಮಿಗಾಗಿ ಹೋರಾಡಿ ಐತಿಹಾಸಿಕ ಜಯ ಗಳಿಸಿದರು, ಸುಪ್ರೀಂ ಕೋರ್ಟ್ ಒಕ್ಕೊರಲಿನಿಂದ ಸಂವಿಧಾನವನ್ನು ರಕ್ಷಿಸಿತು.' ಈ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿವೆ. ಅರ್ಜಿ ಹಾಕಿದ್ದು 1970ರಲ್ಲಿ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ, ಆಗ ಅದು ಕಣ್ಣೂರು ಜಿಲ್ಲೆಯ ತಾಲ್ಲೂಕು. ಇದು ಸಣ್ಣ ತಪ್ಪು. ಎರಡನೆಯದು, ಒಕ್ಕೊರಲು ಎಲ್ಲಿತ್ತು? 13 ನ್ಯಾಯಮೂರ್ತಿಗಳ ಪೀಠ, 68 ದಿನಗಳ ವಾದ, 1973ರ ಏಪ್ರಿಲ್ 24ರಂದು 11 ಪ್ರತ್ಯೇಕ ತೀರ್ಪುಗಳು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡವುವಂತಿಲ್ಲ ಎಂದವರು 7, ಒಪ್ಪದವರು 6. ಮುಖ್ಯ ನ್ಯಾಯಮೂರ್ತಿ ಸಿಕ್ರಿ ಮರುದಿನವೇ ನಿವೃತ್ತರಾಗುವವರಿದ್ದರು. ಒಬ್ಬರು ಆ ಕಡೆ ವಾಲಿದ್ದರೆ ಈ ಸಿದ್ಧಾಂತವೇ ಇರುತ್ತಿರಲಿಲ್ಲ. ಕೂದಲೆಳೆಯ ಅಂತರದಲ್ಲಿ ಉಳಿದದ್ದನ್ನು ಒಕ್ಕೊರಲು ಎಂದು ಬರೆದಾಗ ಕತೆಯ ಉಸಿರೇ ಹೋಗುತ್ತದೆ.

ಮೂರನೆಯ ತಪ್ಪು ದೊಡ್ಡದು. ಸ್ವಾಮೀಜಿ ಗೆಲ್ಲಲಿಲ್ಲ. ಅವರು ಪ್ರಶ್ನಿಸಿದ್ದು ಕೇರಳದ ಭೂಸುಧಾರಣಾ ಕಾಯ್ದೆಯನ್ನು. ಅರ್ಜಿ ಬಾಕಿ ಇರುವಾಗಲೇ ಸಂಸತ್ತು 24, 25, 29ನೇ ತಿದ್ದುಪಡಿಗಳನ್ನು ತಂದಿತು, ವ್ಯಾಜ್ಯ ಮಠದ ಗದ್ದೆ ತೋಟ ದಾಟಿ ಸಂವಿಧಾನದ ಬುಡಕ್ಕೇ ಹೋಯಿತು. ಕೊನೆಗೆ ಕೇರಳದ ಕಾಯ್ದೆಗಳನ್ನು ಒಂಬತ್ತನೇ ಅನುಸೂಚಿಗೆ, ಅಂದರೆ ಕೋರ್ಟಿನ ಪ್ರಶ್ನೆಯಿಂದ ಕಾನೂನುಗಳನ್ನು ಕಾಪಾಡಲೆಂದು ಮಾಡಿದ ಪಟ್ಟಿಗೆ, ಸೇರಿಸಿದ 29ನೇ ತಿದ್ದುಪಡಿ ಊರ್ಜಿತವಾಯಿತು, ಸಂವಿಧಾನದ ಯಾವ ಭಾಗವನ್ನಾದರೂ ಸಂಸತ್ತು ತಿದ್ದಬಹುದು ಎನ್ನುವ 24ನೆಯದೂ ಉಳಿಯಿತು. ಬಿದ್ದುಹೋದದ್ದು 25ನೇ ತಿದ್ದುಪಡಿಯ ಒಂದು ತುಂಡು ಮಾತ್ರ. ಯಾವ ತುಂಡು ಗೊತ್ತೇ? ಇಂಥ ಧ್ಯೇಯಕ್ಕಾಗಿ ಮಾಡಿದ ಕಾನೂನು ಎಂದು ಘೋಷಿಸಿಬಿಟ್ಟರೆ ಸಾಕು, ಅದು ನಿಜವಾಗಿಯೂ ಆ ಧ್ಯೇಯಕ್ಕಾಗಿಯೇ ಇದೆಯೇ ಎಂದು ಯಾವ ನ್ಯಾಯಾಲಯವೂ ಕೇಳಕೂಡದು ಎನ್ನುತ್ತಿದ್ದ ಭಾಗ. ಅಷ್ಟು ದಿನದ ವಾದದ ಕೊನೆಗೆ ಕೋರ್ಟು ಹೊಡೆದುಹಾಕಿದ್ದು ತನ್ನ ಬಾಗಿಲಿಗೆ ಹಾಕಿದ್ದ ಆ ಒಂದು ಚಿಲಕವನ್ನು. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಇಲ್ಲೇ ಒಂದು ಪದದ ಗೊಂದಲವನ್ನೂ ಸರಿಪಡಿಸಿಕೊಳ್ಳಿ. ನೀವು 'ನ್ಯಾಯಾಂಗ ಪರಾಮರ್ಶೆ', 'ಮರುಪರಿಶೀಲನೆ' ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೀರಿ. ಶಾಸನವೋ ಸರ್ಕಾರದ ಆದೇಶವೋ ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ಕೋರ್ಟು ನೋಡುವುದು ಪರಾಮರ್ಶೆ. ತಾನೇ ಕೊಟ್ಟ ತೀರ್ಪನ್ನು ಕೋರ್ಟು ಮತ್ತೆ ನೋಡುವುದು ಮರುಪರಿಶೀಲನೆ. 1975ರ ನವೆಂಬರ್‌ನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಕೇಶವಾನಂದ ತೀರ್ಪನ್ನೇ ಮತ್ತೆ ಕೆದಕಲು 13 ಮಂದಿಯ ಪೀಠ ಕೂತು ಎರಡೇ ದಿನದಲ್ಲಿ ವಿಸರ್ಜನೆಯಾಯಿತಲ್ಲ, ನೀವು ಅದನ್ನು 'ಪರಾಮರ್ಶೆ' ಎಂದಿದ್ದೀರಿ. ಓದುಗ ಅಲ್ಲಿ ದಾರಿ ತಪ್ಪುತ್ತಾನೆ.

ಇನ್ನೊಂದು ಮಾತು, ಇದು ನನಗೆ ಮುಖ್ಯ. ನಿಮ್ಮ ಬರಹದಲ್ಲಿ ಭೂಸುಧಾರಣೆ ಖಳನಾಯಕನಂತೆ ಬರುತ್ತದೆ. ಕರಾವಳಿಯಲ್ಲಿ ತಲೆಮಾರುಗಟ್ಟಲೆ ಗೇಣಿ ಅಳೆದ ಒಕ್ಕಲು ಮನೆಗಳಿಗೆ ಅದೇ ಕಾನೂನು ತಮ್ಮ ಹೆಸರಿನ ಪಹಣಿ ತಂದುಕೊಟ್ಟಿತು. 'ಉಳುವವನೇ ಹೊಲದೊಡೆಯ' ಎಂಬ ಮಾತಿಗಾಗಿ ಕಾಗೋಡಿನಲ್ಲಿ ಜನ ಜೈಲಿಗೆ ಹೋದ ನಾಡು ಇದು. ಆರು ಮಂದಿ ನ್ಯಾಯಮೂರ್ತಿಗಳು ಭಿನ್ನಮತ ಬರೆದದ್ದರ ಹಿಂದೆಯೂ ಈ ಚಿಂತೆಯಿತ್ತು: ಬಡವರ ಪರವಾದ ಬದಲಾವಣೆಗೆ ಕೋರ್ಟು ಅಡ್ಡ ಬರಬಾರದು, ಜನ ಆರಿಸಿದವರಿಗೆ ಆ ಅಧಿಕಾರವಿರಬೇಕು. ಆ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಬರೆಯಿರಿ. ಎದುರು ವಾದ ಬಲವಾಗಿದ್ದಾಗ ಮಾತ್ರ ಏಳು ಮಂದಿ ಯಾಕೆ ಮತ್ತೊಂದು ಕಡೆ ನಿಂತರು ಎಂಬುದು ಓದುಗನಿಗೆ ಕಾಡುವ ಪ್ರಶ್ನೆಯಾಗುತ್ತದೆ. ಆ ಏಳರಲ್ಲಿ ಒಬ್ಬರು ಕಾರ್ಕಳದ ಕಡೆಯವರಾದ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಹೆಗ್ಡೆ, ಶೆಲತ್, ಗ್ರೋವರ್ ಮೂವರನ್ನೂ ಹಿಂದಿಕ್ಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಕನ್ನಡದಲ್ಲಿ ಬರೆಯುವ ನೀವು ಹೆಗ್ಡೆಯವರ ಹೆಸರನ್ನೇ ಎತ್ತಿಲ್ಲ ಎಂದರೆ ತೀರ್ಪಿನ ಹತ್ತಿರ ಹೋಗದೆ ಯಾರೋ ಬರೆದ ಸಾರಾಂಶ ಓದಿದ್ದೀರಿ ಎಂದೇ ನನ್ನ ಅನುಮಾನ.

ತಿದ್ದುಪಡಿಯ ಅಧಿಕಾರದ ಬಗ್ಗೆಯೇ ಬಂದ ಬೇರೆ ತೀರ್ಪುಗಳಾದ ಗೋಲಕನಾಥ್, ಮಿನರ್ವ ಮಿಲ್ಸ್ ಎರಡನ್ನೂ ಈ ಲೇಖನದಿಂದ ತೆಗೆಯಿರಿ. ಒಂದೊಂದೂ ಬೇರೆಯೇ ಬರಹ ಬೇಡುತ್ತವೆ. ಪುಟ್ಟಸ್ವಾಮಿ ಪ್ರಕರಣದ್ದು ಒಂದೇ ಸಾಲು ಇರಲಿ: ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯವರು ಆಧಾರ್ ವಿರುದ್ಧ ಹೋದರು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ಮಂದಿ ಒಕ್ಕೊರಲಿನಿಂದ ಹೇಳಿದರು, 2018ರಲ್ಲಿ ಆಧಾರ್ ಕಾನೂನು ಬಹುಪಾಲು ಉಳಿಯಿತು. ನಾನು ಎಲ್ಲಿಗೆ ಬರುತ್ತಿದ್ದೇನೆ ಎಂದು ಈಗ ನಿಮಗೆ ಹೊಳೆದಿರಬೇಕು.

ನಿಮ್ಮ ನಿಜವಾದ ಲೇಖನ ಕೊನೆಯ ಪುಟದಲ್ಲಿ, 1989ರಲ್ಲಿ ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಬಗ್ಗೆ ಬರೆದ ಆರು ಸಾಲಿನಲ್ಲಿ ಮಡಚಿಕೊಂಡು ಕೂತಿದೆ. 'ಸಂವಿಧಾನದ 356ನೇ ವಿಧಿಯ ದುರ್ಬಳಕೆಗೆ ಈ ಐತಿಹಾಸಿಕ ತೀರ್ಪು ಕಡಿವಾಣ ಹಾಕಿತು' ಎಂದು ಮುಗಿಸಿದ್ದೀರಿ. ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಡಿಸುವುದು ಈ ವಿಧಿಯಡಿ. ಆ ನಾಲ್ಕೈದು ದಿನಗಳಲ್ಲಿ ಏನಾಯಿತು ಎಂದು ಓದುಗನಿಗೆ ತೋರಿಸಿ. 1989ರ ಏಪ್ರಿಲ್. ಆಡಳಿತ ಪಕ್ಷದ ಶಾಸಕರೊಬ್ಬರು ರಾಜ್ಯಪಾಲ ವೆಂಕಟಸುಬ್ಬಯ್ಯನವರಿಗೆ 19 ಪತ್ರಗಳನ್ನು ಕೊಡುತ್ತಾರೆ, ಬೆಂಬಲ ವಾಪಸು ಎಂದು. 19ರಂದು ರಾಷ್ಟ್ರಪತಿಗೆ ವರದಿ ಹೋಗುತ್ತದೆ. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆದಿದ್ದಾರೆ ಎಂದು ಬರೆದು ಕೊಡುತ್ತಾರೆ. ಅದೇ ದಿನ ಸಂಪುಟ ಸೇರಿ 27ಕ್ಕೆ ಅಧಿವೇಶನ ಕರೆಯುವ ತೀರ್ಮಾನ ಮಾಡುತ್ತದೆ. ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ರಾಜ್ಯಪಾಲರಿಗೆ ಹೇಳುತ್ತಾರೆ. ರಾಜಭವನದಿಂದ ಮತ್ತೊಂದು ವರದಿ ದೆಹಲಿಗೆ: ಕುದುರೆ ವ್ಯಾಪಾರ ನಡೆದಿದೆ. 21ರಂದು ಸರ್ಕಾರವೂ ಇಲ್ಲ, ವಿಧಾನಸಭೆಯೂ ಇಲ್ಲ.

ಇಡೀ ಪ್ರಶ್ನೆ ಇರುವುದು ಆ ಆರು ದಿನಗಳಲ್ಲಿ, 21ರಿಂದ 27ರವರೆಗೆ. ತಲೆ ಎಣಿಸಬೇಕಾದದ್ದು ವಿಧಾನಸೌಧದಲ್ಲೋ ರಾಜಭವನದಲ್ಲೋ? ಹೈಕೋರ್ಟಿನ ವಿಶೇಷ ಪೀಠ ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತು, ಸದನದಲ್ಲೇ ಪರೀಕ್ಷೆಯಾಗಬೇಕು ಎಂಬ ಕಡ್ಡಾಯವೇನೂ ಇಲ್ಲ ಎಂದಿತು. ನಮ್ಮ ನೆಲದ ಕೋರ್ಟಿನಲ್ಲೇ ಅವರು ಸೋತದ್ದನ್ನು ನೀವು ಬರೆದಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ಬಹುಮತ ಸಾಬೀತಾಗಬೇಕಾದ ಜಾಗ ಸದನ. ರಾಷ್ಟ್ರಪತಿಗೆ ಮಂತ್ರಿಮಂಡಲ ಏನು ಸಲಹೆ ಕೊಟ್ಟಿತು ಎಂದು ಕೋರ್ಟು ಕೇಳುವಂತಿಲ್ಲ ನಿಜ, ಆದರೆ ಆ ಸಲಹೆಗೆ ಆಧಾರವಾದ ಕಾಗದಪತ್ರ ತೋರಿಸಿ ಎಂದು ಕೇಳಬಹುದು. ಸಂಸತ್ತಿನ ಎರಡೂ ಸದನ ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಕೂಡದು. ಘೋಷಣೆ ತಪ್ಪಾಗಿದ್ದರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸಲೂಬಹುದು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳಲ್ಲಿ ನಡೆದದ್ದು ಅಸಾಂವಿಧಾನಿಕ. ಆದರೆ 1992ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಸರ್ಕಾರಗಳನ್ನು ವಜಾ ಮಾಡಿದ್ದು ಸರಿ ಎಂದಿತು ಅದೇ ಪೀಠ. ಇದನ್ನೂ ಬರೆಯಿರಿ, ಒಂದು ಕಡೆಯದನ್ನೇ ಹೇಳಬೇಡಿ.

ಆ ಹೊತ್ತಿಗೆ ಬೊಮ್ಮಾಯಿಯವರಿಗೆ ಏನು ಉಳಿದಿತ್ತು? 1989ರ ನವೆಂಬರ್‌ನಲ್ಲೇ ಚುನಾವಣೆ ಮುಗಿದು ವೀರೇಂದ್ರ ಪಾಟೀಲರು ಬಂದಿದ್ದರು. ಅವರು ಹೋಗಿ ಬಂಗಾರಪ್ಪ, ಬಂಗಾರಪ್ಪ ಹೋಗಿ ಮೊಯ್ಲಿ. ನಿಮ್ಮನ್ನು ಕಿತ್ತದ್ದು ತಪ್ಪು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದಾಗ ಮರಳಿ ಹೋಗಲು ಸದನವೇ ಇರಲಿಲ್ಲ. ಸ್ವಾಮೀಜಿಗೆ ಭೂಮಿ ಬರಲಿಲ್ಲ, ಬೊಮ್ಮಾಯಿಯವರಿಗೆ ಕುರ್ಚಿ ಬರಲಿಲ್ಲ, ಮಾರ್ಬರಿಗೆ ಕೆಲಸ ಬರಲಿಲ್ಲ. ಲೇಖನಕ್ಕೆ ದಾರ ಇದು. ನೀವು ಅದರ ಮೇಲೆಯೇ ನಡೆದು ಹೋಗಿದ್ದೀರಿ, ನೋಡಿಲ್ಲ.

ಆಮೇಲೆ 2018ರ ಮೇ ತಿಂಗಳಿಗೆ ಬನ್ನಿ. ಅದೇ ವಿಧಾನಸೌಧ. ಯಾರಿಗೂ ಸ್ಪಷ್ಟ ಬಹುಮತವಿಲ್ಲ. ರಾಜ್ಯಪಾಲ ವಜುಭಾಯಿ ವಾಲಾ ಅವರು ಯಡಿಯೂರಪ್ಪನವರಿಗೆ ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿ ಕೂತು ವಾದ ಕೇಳಿತು, ಪ್ರಮಾಣವಚನ ತಡೆಯಲಿಲ್ಲ. ಆದರೆ 18ರಂದು, ನಾಳೆ ಸಂಜೆ ನಾಲ್ಕಕ್ಕೆ ಸದನದಲ್ಲಿ ಬಹುಮತ ತೋರಿಸಿ ಎಂದಿತು. 19ರಂದು ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಯಾರ ಪಕ್ಷ ಗೆದ್ದಿತು ಎಂಬುದು ಈ ಬರಹಕ್ಕೆ ಬೇಡ. 1989ರಲ್ಲಿ ಬೊಮ್ಮಾಯಿಯವರು ಕೇಳಿಯೂ ಪಡೆಯಲಾಗದ ಸದನದ ಪರೀಕ್ಷೆಯನ್ನು 29 ವರ್ಷಗಳ ಮೇಲೆ ಅದೇ ಕಟ್ಟಡದಲ್ಲಿ ಒಂದೇ ದಿನದ ಗಡುವಿನಲ್ಲಿ ಕೋರ್ಟು ಕೊಡಿಸಿತು ಎಂಬುದು ಬೇಕು.

ಭಾಷೆಯ ಬಗ್ಗೆ ಸ್ವಲ್ಪ. 'ಐತಿಹಾಸಿಕ' 11 ಸಲ, 'ಮೈಲಿಗಲ್ಲು' ಆರು ಸಲ ಬಂದಿದೆ. ಎಲ್ಲವನ್ನೂ ಹೊಡೆಯಿರಿ. 'ಸದರಿ', 'ಮೇಲ್ಕಂಡ', 'ಎತ್ತಿಹಿಡಿಯಲ್ಪಟ್ಟಿತು' ಕೋರ್ಟಿನ ನಕಲು ಪ್ರತಿಗಿರಲಿ. 'ಮೂಲ ಸ್ವರೂಪ' ಎಂಬ ಮಾತನ್ನು ಒಂಬತ್ತು ಸಲ ಬಳಸಿಯೂ ಅದೇನೆಂದು ಒಮ್ಮೆಯೂ ಹೇಳಿಲ್ಲ. ಕನ್ನಡದಲ್ಲಿ ಇದನ್ನು ಹೇಳುವುದು ಇಂಗ್ಲಿಷಿಗಿಂತ ಸುಲಭ, ಯಾಕೆಂದರೆ ನಮ್ಮಲ್ಲಿ ತಿದ್ದುಪಡಿ ಎಂಬ ಪದದೊಳಗೇ ತಿದ್ದುವುದು ಇದೆ. ನಿಮ್ಮ ಲೇಖನವನ್ನು ತಿದ್ದುವ ಅಧಿಕಾರ ಸಂಪಾದಕನಾದ ನನಗಿದೆ. ಸಾಲು ಕಡಿಯಬಹುದು, ಪ್ಯಾರಾ ಮೇಲೆ ಕೆಳಗೆ ಮಾಡಬಹುದು. ಪೂರ್ತಿ ಅಳಿಸಿ ನನ್ನದೊಂದನ್ನು ಬರೆದು ನಿಮ್ಮ ಹೆಸರು ಹಾಕಿ ಅಚ್ಚು ಮಾಡಿದರೆ ಅದನ್ನು ನೀವು ತಿದ್ದುಪಡಿ ಅನ್ನುತ್ತೀರಾ? ಏಳು ಮಂದಿ ನ್ಯಾಯಮೂರ್ತಿಗಳು ಸಂಸತ್ತಿಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ನಿಮ್ಮದೇ ಹೋಲಿಕೆ ಹುಡುಕಿಕೊಳ್ಳಿ, ಇಂಥದ್ದೊಂದು ಬೇಕು.

'ಹೀಗಾಗಿ ಸುಪ್ರೀಂ ಕೋರ್ಟೇ ಸರ್ವೋಚ್ಚ' ಎಂಬ ನಿಮ್ಮ ಕೊನೆಯ ಸಾಲನ್ನು ದಯವಿಟ್ಟು ತೆಗೆಯಿರಿ. ಅದು ಆ ತೀರ್ಪುಗಳಿಗೇ ವಿರುದ್ಧ. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ಬಂಧನ ಪ್ರಶ್ನಿಸಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕೂ ಜನರಿಗಿಲ್ಲ ಎಂದದ್ದು ಇದೇ ಸುಪ್ರೀಂ ಕೋರ್ಟು, ಐವರಲ್ಲಿ ನಾಲ್ವರು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ಅಧಿಕಾರ ಕೈಯಲ್ಲಿದ್ದೂ ಕೋರ್ಟು ಅದನ್ನು ಬಳಸದೆ ಕೂತದ್ದೂ ಉಂಟು ಎಂದು ನಿಮ್ಮ ಓದುಗನಿಗೆ ತಿಳಿದಿರಲಿ.

1989ರ ಏಪ್ರಿಲ್ 20ರಿಂದ ಶುರು ಮಾಡಿ, ಹೊಸದಾಗಿಯೇ ಬರೆಯಿರಿ. ಬೊಮ್ಮಾಯಿ ತೀರ್ಪಿನ ಮೊದಲ ಭಾಗದಲ್ಲಿ ಆ ದಿನಗಳ ಘಟನೆಗಳು ತಾರೀಖಿನ ಸಮೇತ ಇವೆ, ಸಾರಾಂಶ ಬದಿಗಿಟ್ಟು ಅದನ್ನೇ ಓದಿ. 1,200 ಪದ ಸಾಕು. ತಿಂಗಳು ಹಿಡಿದರೂ ಚಿಂತೆಯಿಲ್ಲ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ