ಕೈಯಲ್ಲಿ 17 ಸರ್ಟಿಫಿಕೇಟ್ ಇವೆ, ಎಲ್ಲವನ್ನೂ ಲಿಂಕ್ಡ್‌ಇನ್‌ಗೆ ಹಾಕಬೇಕಾ?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ಬಿ.ಇ. ಮುಗಿದಿದೆ, ಮೈಸೂರಿನಲ್ಲಿ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದೀರಿ. ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಕೋರ್ಸ್) ಸರ್ಟಿಫಿಕೇಟ್ ಎರಡು, ಆನ್‌ಲೈನ್ ಕಲಿಕೆಯ ತಾಣ ಕೋರ್ಸೆರಾದಲ್ಲಿ ಮಾಡಿದ ಗೂಗಲ್ ಡೇಟಾ ಅನಲಿಟಿಕ್ಸ್ ಒಂದು, ಮೈಕ್ರೋಸಾಫ್ಟ್‌ನ ಎಝಡ್-900 (ಅಝೂರ್ ಕ್ಲೌಡ್‌ನ ಆರಂಭದ ಪರೀಕ್ಷೆ) ಒಂದು, ಇನ್ನೊಂದು ಕಲಿಕೆಯ ತಾಣ ಉಡೆಮಿಯವು ನಾಲ್ಕು, ಮಿಕ್ಕ ಒಂಬತ್ತು ಕಾಲೇಜಿನ ವರ್ಕ್‌ಶಾಪ್, ವೆಬಿನಾರ್‌ಗಳವು. ಎಲ್ಲ ಹಾಕಬೇಕಾ, ಹಾಕುವುದಾದರೆ ಹೇಗೆ?

ಎಲ್ಲ ಬೇಡ. ಮೊದಲ ನಾಲ್ಕು ಸಾಕು. ಉಡೆಮಿಯಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಅಥವಾ ಪವರ್ ಬಿಐ (ಚಾರ್ಟ್, ಡ್ಯಾಶ್‌ಬೋರ್ಡ್ ಮಾಡುವ ತಂತ್ರಾಂಶ) ಕಲಿತಿದ್ದರೆ ಅದೊಂದನ್ನು ಸೇರಿಸಿ ಐದು ಮಾಡಿಕೊಳ್ಳಿ. ವೆಬಿನಾರ್‌ಗಳನ್ನು ಕೈಬಿಡಿ.

ಕಾರಣ ಸರಳ. ಲಿಂಕ್ಡ್‌ಇನ್ ನಿಮ್ಮ ಸರ್ಟಿಫಿಕೇಟನ್ನು ಪರಿಶೀಲಿಸುವುದಿಲ್ಲ. ಆ ಜಾಗದಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು. ಹೆಸರಿನ ಪಕ್ಕ ಬರುವ ವೆರಿಫೈಡ್ ಗುರುತು ನಿಮ್ಮ ಗುರುತಿನ ಚೀಟಿಗೋ ಕೆಲಸದ ಜಾಗಕ್ಕೋ ಸಂಬಂಧಪಟ್ಟದ್ದು, ಕೋರ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ನೇಮಕ ಮಾಡುವವರ ಕೈಯಲ್ಲಿರುವ ಪರೀಕ್ಷೆ ಒಂದೇ: ‘ಶೋ ಕ್ರೆಡೆನ್ಶಿಯಲ್’ ಬಟನ್ ಒತ್ತಿದರೆ, ಕೊಟ್ಟ ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಕಾಣುತ್ತದೆಯೇ ಇಲ್ಲವೇ. ಇನ್ನೊಂದು, ಪ್ರೊಫೈಲ್‌ನಲ್ಲಿ ಮೊದಲಿಗೆ ಕಾಣುವುದು ಒಂದೆರಡು ಸರ್ಟಿಫಿಕೇಟ್ ಮಾತ್ರ. ಮಿಕ್ಕದ್ದೆಲ್ಲ ‘ಶೋ ಆಲ್’ ಹಿಂದೆ ಅಡಗಿರುತ್ತದೆ. ಹದಿನೇಳು ಹಾಕಿದರೆ ಮೇಲೆ ಬಂದು ಕೂರುವುದು ಯಾವುದೋ ಒಂದು ದಿನದ ವೆಬಿನಾರ್ ಆಗಿರಬಹುದು.

ಹಾಕುವ ಕ್ರಮ ಹೀಗಿದೆ. ನಿಮ್ಮ ಪ್ರೊಫೈಲ್ ತೆರೆದು ‘ಆ್ಯಡ್ ಸೆಕ್ಷನ್’ ಒತ್ತಿ, ‘ರೆಕಮೆಂಡೆಡ್’ ಅಡಿಯಲ್ಲಿ ‘ಲೈಸೆನ್ಸಸ್ ಆ್ಯಂಡ್ ಸರ್ಟಿಫಿಕೇಷನ್ಸ್’ ಆರಿಸಿ. ಮೊಬೈಲ್ ಆ್ಯಪ್‌ನಲ್ಲೂ ಇದು ಆಗುತ್ತದೆ. ಆದರೆ ಲಿಂಕ್ ಕಾಪಿ ಮಾಡಿ ಅಂಟಿಸುವ ಕೆಲಸ ಇರುವುದರಿಂದ ಕಂಪ್ಯೂಟರಿನಲ್ಲಿ ಕೂತು ಮಾಡುವುದೇ ವಾಸಿ. ಎಲ್ಲವನ್ನೂ ಇಂಗ್ಲಿಷಿನಲ್ಲೇ ತುಂಬಿ, ಹುಡುಕುವವರು ಹುಡುಕುವುದು ಇಂಗ್ಲಿಷ್ ಪದಗಳಿಂದ.

‘ನೇಮ್’ ಜಾಗದಲ್ಲಿ ಸರ್ಟಿಫಿಕೇಟಿನ ಮೇಲೆ ಅಚ್ಚಾಗಿರುವ ಹೆಸರನ್ನೇ ಅಕ್ಷರಶಃ ಬರೆಯಿರಿ. ಪರೀಕ್ಷೆಗೆ ಸಂಕೇತವಿದ್ದರೆ ಅದನ್ನೂ ಸೇರಿಸಿ: ‘ಮೈಕ್ರೋಸಾಫ್ಟ್ ಸರ್ಟಿಫೈಡ್: ಅಝೂರ್ ಫಂಡಮೆಂಟಲ್ಸ್, ಎಝಡ್-900’. ಬರೀ ‘ಅಝೂರ್ ಸರ್ಟಿಫಿಕೇಷನ್’ ಎಂದು ಬರೆದರೆ ಅದು ಆರಂಭದ ಹಂತದ್ದೋ ಮೇಲಿನ ಹಂತದ್ದೋ ಗೊತ್ತಾಗುವುದಿಲ್ಲ. ಬೇಕೆಂದೇ ಮುಚ್ಚಿಟ್ಟಿದ್ದಾರೆ ಅಂತಲೂ ಅನ್ನಿಸುತ್ತದೆ.

‘ಇಶ್ಯೂಯಿಂಗ್ ಆರ್ಗನೈಸೇಷನ್’ನಲ್ಲಿ ತುಂಬಾ ಜನ ಎಡವುತ್ತಾರೆ. ಹೆಸರಿನ ಮೊದಲ ಕೆಲವು ಅಕ್ಷರ ಟೈಪ್ ಮಾಡುತ್ತಿದ್ದಂತೆ ಕೆಳಗೆ ಪಟ್ಟಿ ಇಳಿಯುತ್ತದೆ. ಅದರಲ್ಲಿ ಲೋಗೋ ಇರುವ ಸರಿಯಾದ ಹೆಸರನ್ನು ಕ್ಲಿಕ್ ಮಾಡಲೇಬೇಕು. ಪೂರ್ತಿ ನೀವೇ ಟೈಪ್ ಮಾಡಿ ಮುಂದೆ ಹೋದರೆ ಲೋಗೋ ಬರುವುದಿಲ್ಲ, ಬೂದು ಬಣ್ಣದ ಖಾಲಿ ಚೌಕ ಉಳಿಯುತ್ತದೆ, ಸಂಸ್ಥೆಯ ಪುಟಕ್ಕೆ ಕೊಂಡಿಯೂ ಬೀಳುವುದಿಲ್ಲ. ಇನ್ನು ಯಾರ ಹೆಸರು ಹಾಕಬೇಕು ಎಂಬ ಪ್ರಶ್ನೆ. ಗೂಗಲ್ ಸಿದ್ಧಪಡಿಸಿ ಕೋರ್ಸೆರಾ ಮೂಲಕ ಕೊಟ್ಟಿದ್ದರೆ ‘ಕೋರ್ಸೆರಾ’ ಹಾಕುವುದು ನನ್ನ ಲೆಕ್ಕದಲ್ಲಿ ಸರಿ, ಏಕೆಂದರೆ ಲಿಂಕ್ ಒತ್ತಿದರೆ ತೆರೆಯುವುದು ಕೋರ್ಸೆರಾ ಪುಟ. ಗೂಗಲ್ ಹೆಸರು ಹೇಗೂ ಕೋರ್ಸಿನ ಶೀರ್ಷಿಕೆಯಲ್ಲೇ ಇದೆ. ಎನ್‌ಪಿಟಿಇಎಲ್ ಕೋರ್ಸನ್ನು ‘ಎನ್‌ಪಿಟಿಇಎಲ್’ ಹೆಸರಲ್ಲೇ ಹಾಕಿ. ಕೆಲವರು ‘ಎಜುಕೇಷನ್’ ವಿಭಾಗದಲ್ಲಿ ‘ಐಐಟಿ ಮದ್ರಾಸ್’ ಎಂದು ಸೇರಿಸಿ, ಎಂಟು ವಾರದ ಕೋರ್ಸನ್ನು ಅದರ ಕೆಳಗೆ ಸಣ್ಣಗೆ ಬರೆಯುತ್ತಾರೆ. ಹುಡುಕಾಟದಲ್ಲಿ ಐಐಟಿ ಪದವೀಧರರ ಜೊತೆ ಹೆಸರು ಬರಲಿ ಎಂಬ ಆಸೆ. ಇಂಟರ್‌ವ್ಯೂನ ಮೊದಲ ನಿಮಿಷದಲ್ಲೇ ಇದು ಬಯಲಾಗುತ್ತದೆ, ಆಮೇಲೆ ರೆಸ್ಯೂಮೆಯ ಮಿಕ್ಕ ಸಾಲುಗಳನ್ನೂ ಅನುಮಾನದಿಂದಲೇ ಓದುತ್ತಾರೆ.

ದಿನಾಂಕದ ವಿಷಯ ಚಿಕ್ಕದು. ತಿಂಗಳು, ವರ್ಷ ಸಾಕು. ಅವಧಿ ಇಲ್ಲದ ಸರ್ಟಿಫಿಕೇಟಿಗೆ ‘ಎಕ್ಸ್‌ಪಿರೇಷನ್’ ಖಾಲಿ ಬಿಡಿ. ಎಝಡ್-900 ಫಂಡಮೆಂಟಲ್ಸ್ ದರ್ಜೆಯದು, ಅವಧಿ ಮುಗಿಯುವುದಿಲ್ಲ. ಅದೇ ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ದರ್ಜೆಯವು ಒಂದು ವರ್ಷಕ್ಕೆ ಮುಗಿಯುತ್ತವೆ. ಮುಗಿಯುವ ಮುಂಚಿನ ಆರು ತಿಂಗಳೊಳಗೆ ಆನ್‌ಲೈನ್‌ನಲ್ಲೇ, ದುಡ್ಡಿಲ್ಲದೆ ನವೀಕರಿಸಬಹುದು. ಅಮೆಜಾನ್ ಕ್ಲೌಡ್‌ನ ಎಡಬ್ಲ್ಯುಎಸ್ ಸರ್ಟಿಫಿಕೇಷನ್, ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್‌ಎ ಮೂರು ವರ್ಷದವು. ಮುಂದೆ ಅವುಗಳಲ್ಲಿ ಯಾವುದನ್ನಾದರೂ ಮಾಡಿದರೆ ಮುಗಿಯುವ ದಿನಾಂಕವನ್ನು ತಪ್ಪದೇ ತುಂಬಿ.

‘ಕ್ರೆಡೆನ್ಶಿಯಲ್ ಯುಆರ್‌ಎಲ್’ ಅಂದರೆ ಲಿಂಕ್ ಹಾಕುವ ಜಾಗ. ಇಡೀ ಫಾರ್ಮ್‌ನಲ್ಲಿ ಮುಖ್ಯವಾದದ್ದು ಇದೇ, ಹೆಚ್ಚು ಕೆಡುವುದೂ ಇಲ್ಲಿಯೇ. ಪಿಡಿಎಫನ್ನು ಗೂಗಲ್ ಡ್ರೈವ್‌ಗೆ ಹಾಕಿ ಆ ಲಿಂಕ್ ಅಂಟಿಸುತ್ತಾರೆ. ತೆರೆದವರಿಗೆ ‘ರಿಕ್ವೆಸ್ಟ್ ಆ್ಯಕ್ಸೆಸ್’ ಪರದೆ ಸಿಗುತ್ತದೆ, ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಅನುಮತಿ ಕೊಟ್ಟಿದ್ದರೂ ಡ್ರೈವ್‌ನಲ್ಲಿರುವುದು ನೀವೇ ಹಾಕಿದ ಫೈಲ್, ಅದು ಪುರಾವೆ ಆಗುವುದಿಲ್ಲ. ಇನ್ನು ಕೆಲವರು ಲಾಗಿನ್ ಆದ ಮೇಲೆ ಕಾಣುವ ತಮ್ಮ ಡ್ಯಾಶ್‌ಬೋರ್ಡ್‌ನ ವಿಳಾಸವನ್ನೇ ಕಾಪಿ ಮಾಡುತ್ತಾರೆ. ಅವರಿಗೆ ಸರಿಯಾಗಿ ತೆರೆಯುತ್ತದೆ, ಬೇರೆಯವರಿಗೆ ಲಾಗಿನ್ ಪುಟ ಬರುತ್ತದೆ.

ಸರಿಯಾದ ಲಿಂಕ್ ಎಲ್ಲಿ ಸಿಗುತ್ತದೆ ಎಂದರೆ: ಕೋರ್ಸೆರಾದಲ್ಲಿ ‘ಅಕಂಪ್ಲಿಷ್‌ಮೆಂಟ್ಸ್’ ಪುಟಕ್ಕೆ ಹೋಗಿ ಸರ್ಟಿಫಿಕೇಟ್ ತೆರೆದರೆ ‘ಆ್ಯಡ್ ಟು ಲಿಂಕ್ಡ್‌ಇನ್’ ಸಿಗುತ್ತದೆ, ಅದನ್ನು ಒತ್ತಿದರೆ ಫಾರ್ಮ್ ಬಹುಪಾಲು ತಾನೇ ತುಂಬಿಕೊಳ್ಳುತ್ತದೆ. ಗೂಗಲ್ ಸರಣಿಯೊಳಗಿನ ಪ್ರತಿ ಕೋರ್ಸಿಗೂ ಬೇರೆ ಬೇರೆ ಸರ್ಟಿಫಿಕೇಟ್ ಬಂದಿರುತ್ತದೆ. ಅವನ್ನೆಲ್ಲ ಹಾಕಲು ಹೋಗಬೇಡಿ, ಕೊನೆಯ ಒಟ್ಟು ಸರ್ಟಿಫಿಕೇಟ್ ಒಂದೇ ಸಾಕು. ಎನ್‌ಪಿಟಿಇಎಲ್‌ನದಾದರೆ ಪಿಡಿಎಫ್‌ನಲ್ಲಿರುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ತೆರೆದ ಪುಟದ ವಿಳಾಸವನ್ನು ಬ್ರೌಸರಿನಿಂದ ಕಾಪಿ ಮಾಡಿಕೊಳ್ಳಿ. ‘ಕ್ರೆಡೆನ್ಶಿಯಲ್ ಐಡಿ’ ಜಾಗಕ್ಕೆ ಸರ್ಟಿಫಿಕೇಟ್ ಮೇಲಿನ ರೋಲ್ ನಂಬರ್. ಮೈಕ್ರೋಸಾಫ್ಟ್‌ದಕ್ಕೆ ನಿಮ್ಮ ‘ಲರ್ನ್’ ಪ್ರೊಫೈಲ್‌ನಲ್ಲಿ ಆ ಸರ್ಟಿಫಿಕೇಷನ್ ತೆರೆದು ‘ಶೇರ್’ ಲಿಂಕ್ ತೆಗೆದುಕೊಳ್ಳಬೇಕು. ಕ್ರೆಡ್ಲಿ ಎಂಬ ತಾಣದ ಡಿಜಿಟಲ್ ಬ್ಯಾಡ್ಜ್ ಇರುವವರು ಮೊದಲು ಇಮೇಲ್‌ಗೆ ಬಂದ ಬ್ಯಾಡ್ಜನ್ನು ‘ಆ್ಯಕ್ಸೆಪ್ಟ್’ ಮಾಡಿ, ಆಮೇಲೆ ‘ಪಬ್ಲಿಕ್’ ಆಗಿದೆಯೇ ನೋಡಬೇಕು. ‘ಪ್ರೈವೇಟ್’ ಇದ್ದರೆ ಬೇರೆಯವರಿಗೆ ಕಾಣಿಸುವುದೇ ಇಲ್ಲ.

ಹಾಕಿದ ಮೇಲೆ ಒಮ್ಮೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಎಲ್ಲಿಯೂ ಲಾಗಿನ್ ಆಗದೆ, ಪ್ರತಿ ಲಿಂಕನ್ನೂ ತೆರೆದು ನೋಡಿ. ತೆರೆದದ್ದು ಮಾತ್ರ ಪ್ರೊಫೈಲ್‌ನಲ್ಲಿ ಉಳಿಯಲಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇದೆ, ಇನಿಷಿಯಲ್. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ‘ರಮೇಶ್ ಎಂ.ಎಸ್.’, ಆಧಾರ್‌ನಲ್ಲಿ ‘ಎಂ ಎಸ್ ರಮೇಶ್’, ಕೋರ್ಸೆರಾದಲ್ಲಿ ಊರಿನ ಹೆಸರನ್ನೂ ಬಿಡಿಸಿ ‘ರಮೇಶ್ ಮದ್ದೂರು ಶಿವಣ್ಣ’, ಲಿಂಕ್ಡ್‌ಇನ್‌ನಲ್ಲಿ ಬರೀ ‘ರಮೇಶ್ ಗೌಡ’. ಪರಿಶೀಲಿಸುವವರು ಹೊರ ರಾಜ್ಯದವರಾದರೆ ಇವರು ನಾಲ್ಕು ಜನ ಬೇರೆ ಬೇರೆ ಎಂದುಕೊಂಡರೂ ಆಶ್ಚರ್ಯವಿಲ್ಲ. ಪದವಿ ಪ್ರಮಾಣಪತ್ರದಲ್ಲಿ ಇರುವ ಹೆಸರನ್ನೇ ಆಧಾರವಾಗಿ ಇಟ್ಟುಕೊಂಡು ಲಿಂಕ್ಡ್‌ಇನ್ ಹೆಸರನ್ನು ಅದಕ್ಕೆ ಹೊಂದಿಸಿ. ಮುಂದೆ ಯಾವ ಪರೀಕ್ಷೆಗೆ ನೋಂದಾಯಿಸಿದರೂ ಅದೇ ಹೆಸರು ಕೊಡಿ. ಸರ್ಟಿಫಿಕೇಟ್ ಬಂದ ಮೇಲೆ ಹೆಸರು ತಿದ್ದಿಸುವುದು ಕೆಲವು ಕಡೆ ಗುರುತಿನ ಚೀಟಿ ಕೊಟ್ಟು ವಾರಗಟ್ಟಲೆ ಕಾಯುವ ಕೆಲಸ.

ಫಾರ್ಮ್‌ನ ಕೆಳಗೆ ‘ಸ್ಕಿಲ್ಸ್’ ಸೇರಿಸುವ ಜಾಗವಿದೆ, ಅದನ್ನು ಬಿಟ್ಟುಬಿಡುವವರೇ ಹೆಚ್ಚು. ಗೂಗಲ್ ಸರ್ಟಿಫಿಕೇಟಿಗೆ ಎಸ್‌ಕ್ಯೂಎಲ್, ಆರ್ ಭಾಷೆ, ಚಾರ್ಟ್ ತಂತ್ರಾಂಶ ಟ್ಯಾಬ್ಲೋ, ಡೇಟಾ ಕ್ಲೀನಿಂಗ್ ಸೇರಿಸಿ. ಹಾಗೆ ಮಾಡಿದಾಗ ‘ಸ್ಕಿಲ್ಸ್’ ವಿಭಾಗದಲ್ಲಿ ಎಸ್‌ಕ್ಯೂಎಲ್ ಕೆಳಗೆ ಈ ಸರ್ಟಿಫಿಕೇಟ್ ಆಧಾರವಾಗಿ ಕಾಣುತ್ತದೆ. ನೇಮಕದವರು ಹುಡುಕುವಾಗ ಹೆಚ್ಚಾಗಿ ಕೌಶಲದ ಹೆಸರು ಹಾಕಿ ಹುಡುಕುತ್ತಾರೆ, ಕೋರ್ಸಿನ ಹೆಸರು ಹಾಕಿ ಅಲ್ಲ.

ಎನ್‌ಪಿಟಿಇಎಲ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ, ಏಕೆಂದರೆ ನಮ್ಮ ಹುಡುಗರು ಇದನ್ನು ಕಡೆಗಣಿಸಿ ಉಡೆಮಿಯನ್ನು ಮುಂದೆ ಇಡುತ್ತಾರೆ. ಉಡೆಮಿಯಲ್ಲಿ ವಿಡಿಯೋ ಎಲ್ಲ ಓಡಿಸಿದರೆ ಸರ್ಟಿಫಿಕೇಟ್ ಬರುತ್ತದೆ, ಕಲಿತಿರೋ ಇಲ್ಲವೋ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಕೋರ್ಸ್ ಉಚಿತ, ಸರ್ಟಿಫಿಕೇಟ್ ಬೇಕೆಂದರೆ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೇ ಹೋಗಿ ಮೇಲ್ವಿಚಾರಕರ ಎದುರು ಕೂತು ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಒಟ್ಟು 60 ಮುಟ್ಟಿದರೆ ಎಲೈಟ್, 75 ಮುಟ್ಟಿದರೆ ಎಲೈಟ್ ಜೊತೆ ಸಿಲ್ವರ್, 90 ಮುಟ್ಟಿದರೆ ಗೋಲ್ಡ್. ನಿಮ್ಮದು ಸಿಲ್ವರ್ ಇದ್ದರೆ ಕೋರ್ಸಿನ ಹೆಸರಿನ ಪಕ್ಕದಲ್ಲೇ ಬರೆಯಿರಿ: ‘ಡೇಟಾ ಸೈನ್ಸ್ ಫಾರ್ ಇಂಜಿನಿಯರ್ಸ್, ಎಲೈಟ್ + ಸಿಲ್ವರ್’. ಅಂಕ 40ರಿಂದ 59ರ ನಡುವೆ ಇದ್ದರೆ ಅಂಕದ ಮಾತೆತ್ತದೆ ಕೋರ್ಸಿನ ಹೆಸರು ಮಾತ್ರ ಹಾಕಿ, ಕೇಳಿದಾಗ ನಿಜ ಹೇಳಿ.

ಸರ್ಟಿಫಿಕೇಟ್ ಏನೇ ಇದ್ದರೂ ಅದರ ಪಕ್ಕದಲ್ಲಿ ನೀವು ಮಾಡಿದ ಕೆಲಸ ಕಾಣಬೇಕು. ಗೂಗಲ್ ಸರಣಿಯ ಕೊನೆಗೆ ಒಂದು ಪ್ರಾಜೆಕ್ಟ್ ಬರುತ್ತದಲ್ಲ, ಸೈಕ್ಲಿಸ್ಟಿಕ್ ಎಂಬ ಕಾಲ್ಪನಿಕ ಬಾಡಿಗೆ ಸೈಕಲ್ ಕಂಪನಿಯ ಲೆಕ್ಕ, ಅದನ್ನು ಕೋರ್ಸ್ ಮುಗಿಸಿದ ತುಂಬಾ ಜನ ಮಾಡಿರುತ್ತಾರೆ. ಅದೇ ಚಾರ್ಟ್, ಅದೇ ತೀರ್ಮಾನ. ನೀವು ಮಂಡ್ಯದವರು, ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ಡೇಟಾ ಇದೆ. ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ತಾಣ ಆಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ದಿನದ ಧಾರಣೆ ಸಿಗುತ್ತದೆ. ಮಂಡ್ಯ ಎಪಿಎಂಸಿಯ ಬೆಲ್ಲದ ದರವನ್ನು ಎರಡು ಮೂರು ವರ್ಷಕ್ಕೆ ತೆಗೆದುಕೊಳ್ಳಿ, ಬಿಟ್ಟುಹೋದ ದಿನಗಳನ್ನು ಏನು ಮಾಡಿದಿರಿ ಎಂದು ಬರೆಯಿರಿ, ಆವಕ ಹೆಚ್ಚಾದಾಗ ದರ ಎಷ್ಟು ಇಳಿಯುತ್ತದೆ ತೋರಿಸಿ. ಎಸ್‌ಕ್ಯೂಎಲ್ ಕೋಡ್ ಗಿಟ್‌ಹಬ್‌ನಲ್ಲಿ, ಡ್ಯಾಶ್‌ಬೋರ್ಡ್ ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಇರಲಿ. ಆ ಲಿಂಕನ್ನು ‘ಫೀಚರ್ಡ್’ ವಿಭಾಗಕ್ಕೆ ಹಾಕಿ. ಅದು ಪ್ರೊಫೈಲ್‌ನ ಮೇಲ್ಭಾಗದಲ್ಲೇ ಕೂರುತ್ತದೆ, ಸರ್ಟಿಫಿಕೇಟ್‌ಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಪ್ರೊಫೈಲ್‌ನಲ್ಲಿ ಹೆಸರಿನ ಕೆಳಗೆ ಬರುವ ಹೆಡ್‌ಲೈನ್‌ಗೆ 220 ಅಕ್ಷರದ ಮಿತಿ ಇದೆ. ‘17 ಸರ್ಟಿಫಿಕೇಷನ್ ಪಡೆದವನು’ ಎಂಬ ಸಾಲು ಅಲ್ಲಿ ಬೇಡ. ‘ಡೇಟಾ ಅನಲಿಸ್ಟ್, ಎಸ್‌ಕ್ಯೂಎಲ್, ಪವರ್ ಬಿಐ, ಮೈಸೂರು’ ಎಂದಿದ್ದರೆ ಸಾಕು. ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸುವ ‘ಓಪನ್ ಟು ವರ್ಕ್’ನಲ್ಲಿ ಊರು ಮಂಡ್ಯ ಒಂದನ್ನೇ ಹಾಕಿದರೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳ ಹುಡುಕಾಟದಲ್ಲಿ ನೀವು ಬಾರದೇ ಹೋಗಬಹುದು. ಮೈಸೂರು, ಬೆಂಗಳೂರು ಎರಡನ್ನೂ ಸೇರಿಸಿ. ಮಂಡ್ಯದಿಂದ ದಿನವೂ ರೈಲಿನಲ್ಲಿ ಎರಡೂ ಕಡೆಗೆ ಓಡಾಡುವವರು ಎಷ್ಟು ಜನ ಎಂಬುದು ದೂರದಲ್ಲಿ ಕೂತ ನೇಮಕದವರಿಗೆ ಗೊತ್ತಿರುವುದಿಲ್ಲ.

ಚಿತ್ರ ಹಾಕುವಾಗ ಎಚ್ಚರ. ಅಂಕಪಟ್ಟಿ, ಐಟಿಐ ಪ್ರಮಾಣಪತ್ರದಂಥವುಗಳಲ್ಲಿ ಹುಟ್ಟಿದ ದಿನಾಂಕ, ತಂದೆ ತಾಯಿ ಹೆಸರು, ಫೋಟೊ ಎಲ್ಲ ಇರುತ್ತದೆ. ಅಂಥದ್ದನ್ನು ಬಯಲಿಗೆ ಇಡಬೇಡಿ, ಲಿಂಕ್ ಇದ್ದರೆ ಚಿತ್ರದ ಅಗತ್ಯವೇ ಇಲ್ಲ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಇದ್ದರೆ ಅದರ ಜಾಗ ‘ಎಕ್ಸ್‌ಪೀರಿಯನ್ಸ್’. ಗೇಟ್ ಅಂಕಕ್ಕೆ ‘ಟೆಸ್ಟ್ ಸ್ಕೋರ್ಸ್’ ಎಂಬ ಬೇರೆಯೇ ವಿಭಾಗವಿದೆ. ಒಂದೊಂದು ಸರ್ಟಿಫಿಕೇಟ್ ಸೇರಿಸಿದಾಗಲೂ ಪೋಸ್ಟ್ ಹಾಕಿ ಎಂದು ಲಿಂಕ್ಡ್‌ಇನ್ ಕೇಳಬಹುದು, ಐದನ್ನೂ ಒಂದೇ ಸಂಜೆ ಹಾಕುವಾಗ ‘ಸ್ಕಿಪ್’ ಒತ್ತುತ್ತಾ ಹೋಗಿ.

ಮಿಕ್ಕ ಹನ್ನೆರಡನ್ನು ಬಿಸಾಡಬೇಡಿ. ಒಂದು ಫೋಲ್ಡರಿನಲ್ಲಿ ಪಿಡಿಎಫ್ ಇರಲಿ, ಮೂಲ ಪ್ರತಿಗಳು ಪ್ಲಾಸ್ಟಿಕ್ ಫೈಲಿನಲ್ಲಿರಲಿ. ವಾಕ್-ಇನ್ ಇಂಟರ್‌ವ್ಯೂಗೆ ಕರೆದಾಗ ಒರಿಜಿನಲ್ ಜೊತೆ ಒಂದು ಸೆಟ್ ಜೆರಾಕ್ಸ್ ತನ್ನಿ ಎನ್ನುವ ಕಂಪನಿಗಳು ಈಗಲೂ ಇವೆ, ಕಾಲೇಜಿನ ಆ ವರ್ಕ್‌ಶಾಪ್ ಹಾಳೆಗಳು ಬೇಕಾದರೆ ಅಲ್ಲಿ ಬೇಕಾಗುತ್ತವೆ.