ಓದುಗರ ಪ್ರಶ್ನೆ, ವೈದ್ಯರ ಉತ್ತರ: ಅರವತ್ತರ ಮೇಲೆ ಬೆಟ್ಟ ಹತ್ತುವ ಆಸೆ

ವಯಸ್ಸಾದ ಮೇಲೆ ದೇಹವನ್ನು ಹೊಸದಾಗಿ ಪಳಗಿಸಲು ಹೊರಟವರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿರುವ ಸಂಗತಿ ಹಲವರಿಗೆ ಅನ್ವಯಿಸುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಶಿಕ್ಷಕಿ. ಕುಕ್ಕರಹಳ್ಳಿ ಕೆರೆಯ ಸುತ್ತ ದಿನವೂ ಒಂದು ಗಂಟೆ ನಡೆಯುತ್ತೇನೆ. ಬರುವ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟವನ್ನು ಪಾದದಿಂದ ಮೆಟ್ಟಿಲುಗಳ ಮೂಲಕವೇ ಹತ್ತಿ ಇಳಿಯಬೇಕೆಂಬ ಆಸೆಯಿದೆ. ಹಿಂದೊಮ್ಮೆ ನಂದಿಯವರೆಗೆ ಹೋಗಿ ಇಳಿದು ಬಂದಾಗ ಮೂರು ದಿನ ತೊಡೆ ಹಿಡಿದುಕೊಂಡು ನಡೆಯಬೇಕಾಯಿತು. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮಾ’ ಎಂದು ಮಗ ಗದರುತ್ತಾನೆ. ಡಾಕ್ಟರೇ, ಹತ್ತಲೇ, ಬಿಡಲೇ?
— ಓದುಗರು, ಮೈಸೂರು

ಉತ್ತರ: ಹತ್ತಿ. ಆದರೆ ನಾಲ್ಕು ತಿಂಗಳ ತಯಾರಿ ಮಾಡಿಕೊಂಡು ಹತ್ತಿ, ಮತ್ತು ಮೊದಲ ಸಲ ಇಳಿಯುವುದಕ್ಕೆ ಬೆಟ್ಟದ ಮೇಲಿನಿಂದ ಹೊರಡುವ ನಗರ ಸಾರಿಗೆ ಬಸ್ಸನ್ನೇ ಹಿಡಿಯಿರಿ. ದಿನದ ಆಯ್ಕೆಯಲ್ಲೂ ಸ್ವಲ್ಪ ರಾಜಿಯಾಗಬೇಕು. ಆಷಾಢ ಶುಕ್ರವಾರದ ನೂಕುನುಗ್ಗಲಿನಲ್ಲಿ, ಮಳೆಗೆ ನೆನೆದ ಕಲ್ಲಿನ ಮೇಲೆ, ಹಿಂದಿನವರ ಅವಸರಕ್ಕೆ ಹೆಜ್ಜೆ ಹಾಕುವುದು ಮೊದಲ ಪ್ರಯತ್ನಕ್ಕೆ ತಕ್ಕದ್ದಲ್ಲ. ತಾಯಿಯ ದರ್ಶನಕ್ಕೆ ಬಿಡುವಿನ ದಿನಗಳು ಬೇಕಾದಷ್ಟಿವೆ.

ನಿಮಗೆ ತೊಂದರೆಯಾದದ್ದು ಇಳಿಯುವಾಗ ಎಂಬುದನ್ನು ಗಮನಿಸಬೇಕು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಆಗ ಏದುಸಿರು ಬರುತ್ತದೆ, ಹೃದಯ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕಾಗುತ್ತದೆ. ಉಸಿರಿಗೆ ಇದು ಹಗುರ, ಸ್ನಾಯುವಿನ ಎಳೆಗಳಿಗೆ ಮಾತ್ರ ಬಹಳ ಕಠಿಣ. ಅಭ್ಯಾಸವಿಲ್ಲದವರಲ್ಲಿ ಆ ಎಳೆಗಳಿಗೆ ಸೂಕ್ಷ್ಮ ಗಾಯಗಳಾಗಿ, ನೋವು ಎರಡನೆಯ ಅಥವಾ ಮೂರನೆಯ ದಿನ ಹೆಚ್ಚಾಗುತ್ತದೆ. ನಿಮ್ಮ ಮೂರು ದಿನದ ಕಾಲುನೋವು ಇದೇ ಇರಬೇಕು. ಮಂಡಿ ಊದಿಕೊಂಡಿದ್ದರೆ, ಮಡಚುವಾಗ ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ, ಅಥವಾ ರಾತ್ರಿ ನಿದ್ದೆ ಕೆಡಿಸುವಷ್ಟು ಕೀಲು ನೋಯುತ್ತಿದ್ದರೆ ಅದು ಬೇರೆ ವಿಷಯ. ತಯಾರಿಗೆ ಮೊದಲೇ ಮೂಳೆ ವೈದ್ಯರನ್ನು ಕಾಣಬೇಕು.

ಕೆರೆಯ ಸುತ್ತಿನ ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದೇ. ಆದರೆ ಸಮತಟ್ಟಾದ ದಾರಿಯಲ್ಲಿ ಎಷ್ಟು ವರ್ಷ ನಡೆದರೂ ತೊಡೆಗೆ ಮೆಟ್ಟಿಲಿಳಿಯುವ ಬಲ ಬರುವುದಿಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗತೊಡಗಿ ಅರವತ್ತರ ನಂತರ ಆ ಕರಗುವಿಕೆ ಚುರುಕಾಗುತ್ತದೆ, ಅದನ್ನು ತಡೆಯುವುದಕ್ಕೆ ಭಾರ ಎತ್ತುವ ಕೆಲಸವೇ ಬೇಕು. ಇಲ್ಲಿ ವಯಸ್ಸು ಅಡ್ಡಿಯಲ್ಲ ಎನ್ನುವುದಕ್ಕೆ 1990ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವನ್ನು ನಾನು ರೋಗಿಗಳಿಗೆ ಆಗಾಗ ಹೇಳುತ್ತೇನೆ. ಅಮೆರಿಕದ ಬಾಸ್ಟನ್ನಿನಲ್ಲಿ, ಶುಶ್ರೂಷಾಲಯದಲ್ಲಿ ವಾಸವಿದ್ದ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟರು. ಪೂರ್ತಿ ಮುಗಿಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ನಿಮಗಿನ್ನೂ 63.

ಮೊದಲು ನಿಮ್ಮ ಬಲವನ್ನು ನೀವೇ ಅಳೆದುಕೊಳ್ಳಿ. ಗೋಡೆಗೆ ಒರಗಿಸಿಟ್ಟ ಕುರ್ಚಿಯ ಮೇಲೆ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64 ವರ್ಷದ ಮಹಿಳೆಯರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂದು ಲೆಕ್ಕ. ಆಮೇಲೆ ವಾರಕ್ಕೆ ಎರಡು ದಿನ, ನಡುವೆ ಬಿಡುವು ಕೊಟ್ಟು, ಇದೇ ಎದ್ದು ಕೂರುವ ಕೆಲಸವನ್ನೂ, ಗೋಡೆ ಹಿಡಿದು ಹಿಮ್ಮಡಿ ಎತ್ತುವುದನ್ನೂ, ಮನೆಯ ಒಂದೇ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗಿಡುವುದನ್ನೂ ಮಾಡಿ. ಈ ಮೂರನೆಯದೇ ನಿಮ್ಮ ನಿಜವಾದ ತಯಾರಿ; ಅದನ್ನು ಬೇಸರಪಟ್ಟು ಬಿಡಬೇಡಿ. ಎರಡು ತಿಂಗಳ ನಂತರ ಎರಡು ಕಿಲೋ ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಅದೇ ಕೆಲಸ ಮಾಡಬಹುದು. ಮೂರನೆಯ ತಿಂಗಳಿನಿಂದ ವಾರಕ್ಕೊಮ್ಮೆ ಬೆಟ್ಟದ ಪಾದಕ್ಕೇ ಹೋಗಿ, ಮೊದಲು ನೂರು ಮೆಟ್ಟಿಲು, ಮುಂದಿನ ವಾರ ಇನ್ನಷ್ಟು ಎಂದು ಹತ್ತಿ ಇಳಿಯಿರಿ. ನೋವು ಎರಡು ದಿನ ಮೀರಿ ಉಳಿದರೆ ಮುಂದಿನ ವಾರ ಮೆಟ್ಟಿಲುಗಳನ್ನು ಹೆಚ್ಚಿಸಬೇಡಿ. ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲುಗಳು ಒಂದೇ ಎತ್ತರದವಲ್ಲವಾದ್ದರಿಂದ, ಮನೆಯ ಮೆಟ್ಟಿಲಿನ ಅಭ್ಯಾಸ ಒಂದೇ ಸಾಲದು.

ಮಾತ್ರೆಯ ವಿಷಯ. ಗರಿಷ್ಠ ಹೃದಯಬಡಿತಕ್ಕೆ ಬಳಸುವ ಸೂತ್ರಗಳಲ್ಲೊಂದರ ಪ್ರಕಾರ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. 63 ವರ್ಷಕ್ಕೆ ಅದು ಸುಮಾರು 164 ಆಗುತ್ತದೆ. ಮೆಟೊಪ್ರೊಲಾಲ್ ಬಡಿತವನ್ನೇ ತಗ್ಗಿಸುವ ಔಷಧಿಯಾದ್ದರಿಂದ ನಿಮಗೆ ಈ ಲೆಕ್ಕವೂ, ಕೈಗಡಿಯಾರ ತೋರಿಸುವ ಅಂಕಿಯೂ ಉಪಯೋಗವಿಲ್ಲ. ಹತ್ತುತ್ತಾ ಒಂದು ವಾಕ್ಯವನ್ನು ಪೂರ್ತಿ ಮಾತಾಡಲು ಆಗುತ್ತಿದೆಯೇ ಎಂದು ನೋಡಿಕೊಳ್ಳಿ, ಆಗದಿದ್ದರೆ ನಿಲ್ಲಿ. ಬೆಟ್ಟಕ್ಕೆ ಹೋಗುವ ಬೆಳಿಗ್ಗೆ ಮಾತ್ರೆ ತಪ್ಪಿಸಬೇಡಿ. ರಕ್ತದೊತ್ತಡ 180/110 ಮುಟ್ಟಿದ್ದರೆ ಅಂದು ಹತ್ತುವುದು ಬೇಡ. ತಯಾರಿ ಆರಂಭಿಸುವ ಮೊದಲೇ ನಿಮ್ಮ ವೈದ್ಯರಿಗೆ ಉದ್ದೇಶವನ್ನು ಸ್ಪಷ್ಟವಾಗಿ ಹೇಳಿ ಇಸಿಜಿ ಮಾಡಿಸಿ; ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಎದೆಯಲ್ಲಿ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ‘ಗ್ಯಾಸ್ ಇರಬೇಕು’ ಎಂದುಕೊಳ್ಳದೆ ಅಲ್ಲೇ ಕುಳಿತು ಸಹಾಯಕ್ಕೆ ಕರೆಯಿರಿ. ಮಹಿಳೆಯರಲ್ಲಿ ಹೃದಯದ ತೊಂದರೆ ಬರೀ ಆಯಾಸ ಮತ್ತು ಉಬ್ಬಸವಾಗಿ ಕಾಣಿಸಿಕೊಳ್ಳುವುದೂ ಉಂಟು.

ಮಗನಿಗೆ ಇದನ್ನು ತೋರಿಸಿ: 65 ದಾಟಿದವರು ಕೂಡ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನ ಸುಧಾರಿಸುವ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಅವರನ್ನೂ ಜೊತೆಗೆ ಕರೆದೊಯ್ಯಿರಿ, ಮೊದಲು ಏದುಸಿರು ಯಾರಿಗೆ ಬರುತ್ತದೋ ನೋಡೋಣ.

ಪ್ರಶ್ನೆ: ನನಗೆ 67. ಫೌಜಾ ಸಿಂಗ್ ನೂರನೆಯ ವಯಸ್ಸಿನಲ್ಲಿ ಮ್ಯಾರಥಾನ್ ಓಡಿದರು. ನಾನು ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡಬಹುದೇ? ಇದುವರೆಗೆ ಓಡಿದವನಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಫೌಜಾ ಸಿಂಗ್ ಅವರ ವಯಸ್ಸಿಗೆ ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್ ಸಂಸ್ಥೆ ಅವರ ಹೆಸರನ್ನು ದಾಖಲಿಸಿಕೊಳ್ಳಲಿಲ್ಲ, ಆ ವಾದ ಪಕ್ಕಕ್ಕಿರಲಿ. 2011ರಲ್ಲಿ ಟೊರಾಂಟೊದಲ್ಲಿ ಅವರು 42 ಕಿಲೋಮೀಟರ್ ಮುಗಿಸಲು ತೆಗೆದುಕೊಂಡದ್ದು ಎಂಟು ಗಂಟೆ ಹನ್ನೊಂದು ನಿಮಿಷ. ಅಂದರೆ ಗಂಟೆಗೆ ಐದು ಕಿಲೋಮೀಟರಿಗಿಂತ ತುಸು ಹೆಚ್ಚು, ಬಿರುಸಾದ ನಡಿಗೆಯ ವೇಗ. ಅವರಿಂದ ಕಲಿಯಬೇಕಾದದ್ದು ಆ ನಿಧಾನವನ್ನು ಎಂದು ನನ್ನ ಅಭಿಪ್ರಾಯ. ಓಟದ ಸ್ಪರ್ಧೆಗೆ ಹೊಸದಾಗಿ ಇಳಿಯುವ ಹಿರಿಯರು ನನ್ನ ಬಳಿ ಬರುವುದು ಹೆಚ್ಚಾಗಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಸಿಕೊಂಡು. ಕೆಲವೇ ವಾರಗಳಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಸ್ನಾಯು ಗಟ್ಟಿಯಾಗುತ್ತದೆ. ರಕ್ತಸಂಚಾರ ಕಡಿಮೆಯಿರುವ ರಜ್ಜುಗಳಿಗೆ ಮಾತ್ರ ತಿಂಗಳುಗಳೇ ಬೇಕು. ಉತ್ಸಾಹದಲ್ಲಿ ದೂರ ಹೆಚ್ಚಿಸುವುದು ಸರಿಯಾಗಿ ಈ ನಡುವಿನ ಅವಧಿಯಲ್ಲೇ.

ಆದ್ದರಿಂದ ಹೆಸರು ಕೊಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಮೂರು ನಿಮಿಷ ನಡಿಗೆ ಎಂಬ ಕ್ರಮದಲ್ಲಿ ಅರ್ಧ ಗಂಟೆ ಮಾಡಿ, ತಿಂಗಳಿಗೊಮ್ಮೆ ಓಟದ ಪಾಲನ್ನು ಸ್ವಲ್ಪ ಏರಿಸಿ. ಆರು ತಿಂಗಳಲ್ಲಿ ನೋವಿಲ್ಲದೆ ಎಂಟು ಕಿಲೋಮೀಟರ್ ಮುಟ್ಟಿದರೆ ಧಾರಾಳವಾಗಿ ಹೆಸರು ಕೊಡಿ. ಓಟದ ದಿನವೂ ನಡುನಡುವೆ ನಡೆಯುವುದಕ್ಕೆ ಸಂಕೋಚ ಬೇಡ.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಕಡ್ಡಾಯವೇ? ನನಗೆ 70, ಆರೇಳು ಸಾವಿರಕ್ಕೇ ಸುಸ್ತಾಗುತ್ತದೆ.
— ಓದುಗರು, ಶಿವಮೊಗ್ಗ

ಉತ್ತರ: ಕಡ್ಡಾಯವಲ್ಲ. ಆ ಅಂಕಿ 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಹುಟ್ಟಿಕೊಂಡದ್ದು. ಸರಾಸರಿ 72 ವಯಸ್ಸಿನ ಅಮೆರಿಕನ್ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಜ್ಜೆ ಹೆಚ್ಚಿದಂತೆ ಸಾವಿನ ಅಪಾಯ ಇಳಿಯುತ್ತಾ ಹೋಗಿ ಸುಮಾರು 7,500ರ ಬಳಿ ನಿಂತಿತು. ನೀವು ಅದರ ಸಮೀಪದಲ್ಲೇ ಇದ್ದೀರಿ.

ಪ್ರಶ್ನೆ: ತುಮಕೂರಿನಲ್ಲಿರುವ ನನ್ನ ತಾಯಿಗೆ 71. ಮಧುಮೇಹಕ್ಕೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊಸದಾಗಿ ಜಿಮ್ ಸೇರಿದ್ದಾರೆ. ಒಮ್ಮೆ ಮೈ ನಡುಗಿ, ಬೆವರಿ ಕುಸಿದು ಕುಳಿತರಂತೆ. ಸಸ್ಯಾಹಾರಿ. ಜಿಮ್ ಬಿಡಿಸುವುದು ಒಳ್ಳೆಯದೇ?
— ಓದುಗರು, ದುಬೈ

ಉತ್ತರ: ಬಿಡಿಸಬೇಡಿ, ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಮರುಪರಿಶೀಲನೆ ಮಾಡಿಸಿ. ಗ್ಲಿಮೆಪಿರೈಡ್ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುತ್ತದೆ, ದುಡಿಯುವ ಸ್ನಾಯುವೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ; ಎರಡೂ ಸೇರಿದಾಗ ಸಕ್ಕರೆ 70ಕ್ಕಿಂತ ಕೆಳಗಿಳಿಯುವುದುಂಟು. ವ್ಯಾಯಾಮ ಮುಗಿದ ಎಷ್ಟೋ ಗಂಟೆಗಳ ಮೇಲೆ, ರಾತ್ರಿಯಲ್ಲೂ ಹೀಗಾಗಬಹುದು. ಖಾಲಿ ಹೊಟ್ಟೆಯಲ್ಲಿ ಜಿಮ್‌ಗೆ ಹೋಗುವುದು ಬೇಡ. ನಡುಕ ಬಂದ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಲಿ. ತರಬೇತುದಾರರಿಗೂ ಇದು ತಿಳಿದಿರಬೇಕು.

ಊಟದ ಮಾತು ಕೇಳದಿದ್ದರೂ ಹೇಳುತ್ತೇನೆ. ಭಾರ ಎತ್ತುವ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ನಮ್ಮ ಕಡೆಯ ಮುದ್ದೆ ಮತ್ತು ತೆಳುಸಾರಿನ ಊಟದಲ್ಲಿ ಅಷ್ಟು ಸಿಗುವುದಿಲ್ಲ, ಏಕೆಂದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ ಪ್ರೋಟೀನ್. ಸಾರಿನ ಬದಲು ಗಟ್ಟಿ ಬೇಳೆಯ ಹುಳಿ, ಮೊಳಕೆಕಾಳಿನ ಪಲ್ಯ, ಮೊಸರು, ಒಂದು ಹಿಡಿ ಕಡಲೆಬೀಜ ದಿನವೂ ಇರಲಿ. ಇಷ್ಟನ್ನು ಹೆಚ್ಚಿಸುವ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮಧುಮೇಹದಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ ಪ್ರೋಟೀನಿನ ಲೆಕ್ಕವನ್ನು ವೈದ್ಯರೇ ಬೇರೆಯಾಗಿ ಹಾಕಿಕೊಡುತ್ತಾರೆ.